ಹಳೇ ಲ್ಯಾಪ್‌ಟಾಪಿನಲ್ಲಿ ಬಿಟ್‌ಕಾಯಿನ್ ನೋಡ್: ರಾಯಚೂರಿನ ಬಿಸಿಲು, ಕರೆಂಟು ತಡೆದುಕೊಂಡು ಬೇಗ ಸಿಂಕ್ ಮಾಡಿಸುವುದು ಹೇಗೆ

ಹೋದ ಬೇಸಿಗೆಯಲ್ಲಿ ನನ್ನ ರಾಸ್‌ಬೆರಿ ಪೈ, ಅಂದರೆ ಅಂಗೈಯಗಲದ ಕಂಪ್ಯೂಟರು, ಬಿಟ್‌ಕಾಯಿನ್ನಿನ ಹಳೇ ಲೆಕ್ಕವನ್ನೆಲ್ಲ ತಂದು ತಾಳೆ ನೋಡುತ್ತಾ (ಇದಕ್ಕೇ ಸಿಂಕ್ ಅನ್ನೋದು) ಹತ್ತೊಂಬತ್ತು ದಿನ ಓಡಿ 61 ಪರ್ಸೆಂಟಿಗೆ ಬಂದಿತ್ತು. ಇಪ್ಪತ್ತನೇ ದಿನ ಮಧ್ಯಾಹ್ನ ಕರೆಂಟ್ ಹೋಯಿತು. ಬಂದ ಮೇಲೆ ನೋಡಿದರೆ, ಡೇಟಾಬೇಸ್ ಕೆಟ್ಟಿದೆ, ಮತ್ತೆ ಕಟ್ಟಬೇಕು ಅನ್ನೋ ಸಾಲು ಪರದೆ ಮೇಲೆ ಕೂತಿತ್ತು. ಪಕ್ಕದಲ್ಲೇ ಅವ್ವ ಅಕ್ಕಿ ಆರಿಸುತ್ತಿದ್ದಳು. "ಇದು ಎಷ್ಟು ದಿನ ಓದ್ತದಪಾ? ಮತ್ತ ಫೇಲಾತೇನು?" ಅಂದಳು.

ಆಮೇಲೆ ಹಳೇ ಲ್ಯಾಪ್‌ಟಾಪ್ ಒಂದನ್ನು ಅಟ್ಟದಿಂದ ಇಳಿಸಿ, ಅದೇ ಮನೆ, ಅದೇ ಬ್ರಾಡ್‌ಬ್ಯಾಂಡ್ ಇಟ್ಟುಕೊಂಡು ನಾಲ್ಕು ದಿನದಲ್ಲಿ ಪೂರ್ತಿ ಸಿಂಕ್ ಮಾಡಿಸಿದೆ. ಎರಡರ ನಡುವೆ ಏನು ಬದಲಾಯಿತು ಅನ್ನೋದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೋಡ್ ಅಂದರೆ ಮೈನಿಂಗ್ (ಹೊಸ ಬಿಟ್‌ಕಾಯಿನ್ ಗಳಿಸುವ ಕೆಲಸ) ಅಲ್ಲ. ಇದನ್ನು ಓಡಿಸಿದರೆ ಒಂದು ರೂಪಾಯಿಯೂ ಬರಲ್ಲ. ನಮ್ಮ ವ್ಯವಹಾರ ಸರಿಯಾಗಿ ಸೇರಿತಾ ಅಂತ ಇನ್ನೊಬ್ಬರನ್ನು ಕೇಳದೆ ನಾವೇ ತಾಳೆ ನೋಡಿಕೊಳ್ಳುವ ವ್ಯವಸ್ಥೆ ಇದು, ಅಷ್ಟೇ. ದುಡ್ಡಿನ ಆಸೆಗೆ ಓದುತ್ತಿದ್ದರೆ ಇಲ್ಲಿಗೇ ನಿಲ್ಲಿಸಬಹುದು.

ಇನ್ನೊಂದು, ಸೆಟ್ಟಿಂಗ್‌ಗಳ ಹೆಸರನ್ನು ನಾನಿಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಬಿಟ್‌ಕಾಯಿನ್ ಕೋರ್ ಅನ್ನೋ ನೋಡ್ ಪ್ರೋಗ್ರಾಮಿನ ಕಾನ್ಫಿಗ್ ಫೈಲಿನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲಿ, ನಡುವೆ ಜಾಗ ಬಿಡದೆ ಟೈಪ್ ಮಾಡಬೇಕು.

ನಿಧಾನ ಆಗೋದು ಎಲ್ಲಿ?

ನಮ್ಮ ಗಂಜ್‌ನ ದಲಾಲಿ ಅಂಗಡಿಗೆ ಹೊಸ ಗುಮಾಸ್ತ ಸೇರಿದ ಅಂದುಕೊಳ್ಳಿ. ಸಾಹುಕಾರರು ಅವನಿಗೆ, 2009ರ ಜನವರಿ 3ರಿಂದ ಇವತ್ತಿನ ತನಕದ ಲೆಕ್ಕದ ಪುಸ್ತಕ ಎಲ್ಲ ತೆಗೆ, ಒಂದೊಂದು ಚೀಟಿಯನ್ನೂ ತಾಳೆ ನೋಡು ಅಂದರು. ಪುಸ್ತಕಗಳನ್ನು ಹೊತ್ತು ತರೋದು ಡೌನ್‌ಲೋಡ್. ಅದು ಸುಲಭದ ಕೆಲಸ. ಕಷ್ಟ ಇರೋದು ಬಾಕಿ ಪಟ್ಟಿಯಲ್ಲಿ. ಪ್ರತಿ ಚೀಟಿಗೂ ಅವನು ಆ ಪಟ್ಟಿ ತಿರುವಿ, ಈ ದುಡ್ಡು ಇನ್ನೂ ಖರ್ಚಾಗದೆ ಉಳಿದಿದೆಯಾ ಅಂತ ಹುಡುಕಬೇಕು. ಸಿಕ್ಕರೆ ಹೊಡೆದುಹಾಕಬೇಕು, ಹೊಸ ಬಾಕಿ ಬರೆಯಬೇಕು.

ಈ ಬಾಕಿ ಪಟ್ಟಿಗೆ ಯುಟಿಎಕ್ಸ್‌ಒ ಸೆಟ್ ಅಂತ ಹೆಸರು. ಬಿಟ್‌ಕಾಯಿನ್ ಕೋರ್ ಇದನ್ನು ಚೈನ್‌ಸ್ಟೇಟ್ ಅನ್ನೋ ಫೋಲ್ಡರಿನಲ್ಲಿ ಇಡುತ್ತದೆ. ಅದೊಂದೇ 10 ಜಿಬಿಗಿಂತ ಜಾಸ್ತಿ ಇದೆ. ಗುಮಾಸ್ತನ ಮೇಜು ಅಂದರೆ ನಿಮ್ಮ ರ‍್ಯಾಮ್. ಗೋದಾಮು ಅಂದರೆ ಡಿಸ್ಕ್. ಮೇಜು ಚಿಕ್ಕದಾದಷ್ಟೂ ಗೋದಾಮಿಗೆ ಓಡಾಟ ಜಾಸ್ತಿ. ಗೋದಾಮಿನ ಬಾಗಿಲು ತೆಗೆಯೋಕೇ ಹೊತ್ತು ಹಿಡಿದರಂತೂ ಮುಗಿದೇಹೋಯಿತು.

ಜನ ಮೊದಲು ಬೈಯೋದು ಇಂಟರ್‌ನೆಟ್ಟನ್ನು. ಲೆಕ್ಕ ಹಾಕಿ ನೋಡಿ. ಪೂರ್ತಿ ಬ್ಲಾಕ್‌ಚೈನ್, ಅಂದರೆ ಬ್ಲಾಕ್ ಅನ್ನೋ ಆ ಲೆಕ್ಕದ ಪುಸ್ತಕಗಳೆಲ್ಲ ಸೇರಿ, 600 ಜಿಬಿ ದಾಟಿದೆ. 700 ಅಂತಲೇ ಹಿಡಿಯಿರಿ. 40 ಎಂಬಿಪಿಎಸ್ ಸಂಪರ್ಕ ಸೆಕೆಂಡಿಗೆ 5 ಎಂಬಿ ತರುತ್ತದೆ. ಅಂದರೆ 39 ಗಂಟೆ. ಎರಡು ದಿನವೂ ಇಲ್ಲ. ನನ್ನ ಪೈ ಹತ್ತೊಂಬತ್ತು ದಿನ ತೆಗೆದುಕೊಂಡದ್ದು ನೆಟ್ಟಿನಿಂದ ಅಲ್ಲ ಅನ್ನೋದು ಇಲ್ಲೇ ಗೊತ್ತಾಗುತ್ತೆ ಅಲ್ವಾ?

ನಿಮ್ಮ ಯಂತ್ರದಲ್ಲಿ ತಡೆ ಎಲ್ಲಿದೆ ಅಂತ ನೋಡೋಕೆ ಲಿನಕ್ಸಿನಲ್ಲಿ ಟಾಪ್ ಕಮಾಂಡ್ ಸಾಕು. ಮೇಲಿನ ಸಾಲುಗಳಲ್ಲಿ ಡಬ್ಲ್ಯುಎ ಅಂತ ಒಂದು ಅಂಕಿ ಇರುತ್ತೆ. ಡಿಸ್ಕಿಗೋಸ್ಕರ ಪ್ರೊಸೆಸರ್ ಕೈಕಟ್ಟಿ ಕೂತ ಹೊತ್ತು ಅದು. ಅದು 30, 40 ಇದ್ದರೆ ಡಿಸ್ಕೇ ಕಳ್ಳ. ಅದು ಕಮ್ಮಿ ಇದ್ದು ಪ್ರೊಸೆಸರ್ ಪೂರ್ತಿ ದುಡಿಯುತ್ತಿದ್ದರೆ ಎಲ್ಲ ಸರಿಯಾಗಿದೆ, ಸುಮ್ನೆ ಬಿಡಿ. ಎರಡೂ ಕಮ್ಮಿ ಇದ್ದಾಗ ಮಾತ್ರ ನೆಟ್ಟನ್ನು ಬೈಯಿರಿ.

ಯಂತ್ರ: ಪೈಗಿಂತ ಹಳೇ ಲ್ಯಾಪ್‌ಟಾಪೇ ವಾಸಿ

ಇದು ನನ್ನ ಅಭಿಪ್ರಾಯ, ಜಗಳಕ್ಕೆ ಬರಬೇಡಿ. ಪೈ ಚೆಂದದ ಯಂತ್ರವೇ. ಆದರೆ ಮೊದಲ ಸಿಂಕಿಗೆ ನಮ್ಮ ಕಡೆ ಲ್ಯಾಪ್‌ಟಾಪ್ ಗೆಲ್ಲೋದು ಒಂದೇ ಕಾರಣಕ್ಕೆ, ಅದರೊಳಗೆ ಬ್ಯಾಟರಿ ಇದೆ. ಅರ್ಧ ಗಂಟೆ ನಿಲ್ಲೋ ಬ್ಯಾಟರಿ ಆದರೂ ಸಾಕು. ಶಕ್ತಿನಗರದಲ್ಲಿ ಕರೆಂಟ್ ಹುಟ್ಟುತ್ತೆ ನಿಜ, ಆದರೆ ಮೇ ತಿಂಗಳ ಮಧ್ಯಾಹ್ನ ನಮ್ಮ ಓಣಿಗೆ ಅದು ಬಂದೇ ಬರುತ್ತೆ ಅಂತ ನಂಬಿಕೊಂಡು ಕೂರೋಕಾಗಲ್ಲ.

ಹಾಗೆ ನೋಡಿದರೆ ನಾಲ್ಕು ಕೋರಿನ ಪ್ರೊಸೆಸರ್, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಹಾಕೋಕೆ ಜಾಗ, ಇಷ್ಟಿದ್ದರೆ ಹತ್ತು ವರ್ಷದ ಹಳೇ ಲ್ಯಾಪ್‌ಟಾಪೂ ನಡೆಯುತ್ತೆ. 4 ಜಿಬಿ ಇದ್ದರೂ ಆಗುತ್ತೆ, ದಿನ ಜಾಸ್ತಿ ಹಿಡಿಯುತ್ತೆ. ಪೈಯೇ ಬೇಕು ಅಂದರೆ ಪೈ 4ಕ್ಕಿಂತ ಪೈ 5 ಎಷ್ಟೋ ಮುಂದೆ. ಪೈ 5ರ ಪ್ರೊಸೆಸರಿನಲ್ಲಿ, ಬ್ಲಾಕುಗಳನ್ನು ತಾಳೆ ನೋಡೋಕೆ ಬೇಕಾದ ಎಸ್‌ಎಚ್‌ಎ ಲೆಕ್ಕವನ್ನು ಹಾರ್ಡ್‌ವೇರಿನಲ್ಲೇ ಮಾಡುವ ಸೌಲಭ್ಯ ಇದೆ, ಪೈ 4ರಲ್ಲಿ ಇಲ್ಲ.

ಪೈಗೆ ಫೋನಿನ ಚಾರ್ಜರ್ ಚುಚ್ಚಬೇಡಿ. ಪೈ 4ಕ್ಕೆ 5.1 ವೋಲ್ಟ್, 3 ಆಂಪ್ ಬೇಕು. ಪೈ 5ಕ್ಕೆ 5 ಆಂಪ್ ಅಡಾಪ್ಟರ್ ಹಾಕದಿದ್ದರೆ ಅದು ಯುಎಸ್‌ಬಿ ಪೋರ್ಟುಗಳಿಗೆಲ್ಲ ಸೇರಿ 600 ಮಿಲಿಆಂಪ್ ಮಾತ್ರ ಕೊಡುತ್ತೆ. ಅಷ್ಟಕ್ಕೆ ಎಸ್‌ಎಸ್‌ಡಿ ಬರೆಯುವ ಹೊತ್ತಿನಲ್ಲೇ ಕೈ ಕೊಡಬಹುದು. ಆಪರೇಟಿಂಗ್ ಸಿಸ್ಟಂ ಯಾವುದೇ ಇರಲಿ, 64 ಬಿಟ್‌ದೇ ಆಗಿರಲಿ.

ಡಿಸ್ಕ್

ನಾನು ಪೈಗೆ ಜೋಡಿಸಿದ್ದು ಹಳೇ 1 ಟಿಬಿ ಹಾರ್ಡ್‌ಡಿಸ್ಕ್. ತಿರುಗುವ ಡಿಸ್ಕಿನಲ್ಲಿ ಅಲ್ಲಲ್ಲಿ ಚದುರಿದ ತುಣುಕುಗಳನ್ನು ಸೆಕೆಂಡಿಗೆ ನೂರರ ಆಸುಪಾಸು ಮಾತ್ರ ಓದೋಕಾಗುತ್ತೆ. ಸಾಧಾರಣ ಎಸ್‌ಎಸ್‌ಡಿ ಸಾವಿರಗಟ್ಟಲೆ ಓದುತ್ತೆ. ಬಾಕಿ ಪಟ್ಟಿ ತಿರುವೋದು ಪೂರ್ತಿ ಇಂಥ ಚದುರಿದ ಓದೇ. ಉಳಿದ ಸೆಟ್ಟಿಂಗ್ ಏನೇ ತಿದ್ದಿದರೂ ಹಾರ್ಡ್‌ಡಿಸ್ಕ್ ಇರೋ ತನಕ ಉಪಯೋಗ ಕಮ್ಮಿ. ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಅಂತೂ ಬೇಡವೇ ಬೇಡ. ಬರೆದೂ ಬರೆದೂ ಸತ್ತು ಹೋಗುತ್ತವೆ.

ದೊಡ್ಡ ಎಸ್‌ಎಸ್‌ಡಿ ಕೊಳ್ಳೋಕೆ ಕೈ ಹಿಡಿಯುತ್ತಾ? ಅದಕ್ಕೊಂದು ದಾರಿ ಇದೆ. ಪುಸ್ತಕಗಳನ್ನು ಒಂದು ಕಡೆ, ಬಾಕಿ ಪಟ್ಟಿಯನ್ನು ಇನ್ನೊಂದು ಕಡೆ ಇಡಬಹುದು. ಡೇಟಾ ಫೋಲ್ಡರನ್ನು 128 ಜಿಬಿಯ ಸಣ್ಣ ಎಸ್‌ಎಸ್‌ಡಿಯಲ್ಲಿಡಿ. ಬ್ಲಾಕ್ಸ್‌ಡಿರ್ ಅನ್ನೋ ಆಯ್ಕೆಗೆ ಹಳೇ ಹಾರ್ಡ್‌ಡಿಸ್ಕಿನ ದಾರಿ ಕೊಡಿ. ಬ್ಲಾಕ್ ಫೈಲುಗಳನ್ನು ಸಾಲಾಗಿ ಬರೆದುಕೊಂಡು ಹೋಗೋದಷ್ಟೇ ಕೆಲಸ, ಅದನ್ನು ಹಾರ್ಡ್‌ಡಿಸ್ಕ್ ಆರಾಮಾಗಿ ಮಾಡುತ್ತೆ. ಚೈನ್‌ಸ್ಟೇಟ್ ಎಸ್‌ಎಸ್‌ಡಿಯಲ್ಲೇ ಉಳಿಯುತ್ತೆ. ಲ್ಯಾಪ್‌ಟಾಪಿನ ಡಿವಿಡಿ ಡ್ರೈವ್ ಬಿಚ್ಚಿ ಆ ಜಾಗಕ್ಕೆ ಹಾರ್ಡ್‌ಡಿಸ್ಕ್ ಕೂರಿಸೋ ಕ್ಯಾಡಿ ಸಿಗುತ್ತೆ. ನಾನು ಮಾಡಿದ್ದು ಅದನ್ನೇ.

ಲಿನಕ್ಸಿನಲ್ಲಾದರೆ ಡಿಸ್ಕನ್ನು ಅದರದೇ ಇಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿ. ವಿಂಡೋಸಿನಿಂದ ಬಂದ ಎನ್‌ಟಿಎಫ್‌ಎಸ್ ಡಿಸ್ಕನ್ನು ಹಾಗೇ ಲಿನಕ್ಸಿಗೆ ಚುಚ್ಚಿದರೆ ಎಳೆದಾಡುತ್ತೆ. ವಿಂಡೋಸಿನಲ್ಲೇ ಓಡಿಸೋದಾದರೆ ಆಂಟಿವೈರಸ್‌ಗೆ ಆ ಫೋಲ್ಡರನ್ನು ಮುಟ್ಟಬೇಡ ಅಂತ ಹೇಳಿಡಿ. ಇಲ್ಲದಿದ್ದರೆ ಪ್ರತಿ ಬ್ಲಾಕನ್ನೂ ಅದು ಮೂಸಿ ನೋಡುತ್ತೆ.

ಪ್ರೂನಿಂಗ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಪ್ರೂನ್=550 ಅಂತ ಹಾಕಿದರೆ ಹಳೇ ಬ್ಲಾಕುಗಳನ್ನು ಅಳಿಸುತ್ತಾ ಹೋಗುತ್ತೆ, ಜಾಗ ಉಳಿಯುತ್ತೆ. ಡೌನ್‌ಲೋಡ್ ಮಾತ್ರ ಕಮ್ಮಿ ಆಗಲ್ಲ. ಎಲ್ಲವನ್ನೂ ತಂದು, ಓದಿ, ಆಮೇಲೆಯೇ ಬಿಸಾಡೋದು. ನಮ್ಮಂಥ ಕರೆಂಟಿನ ಊರಲ್ಲಿ ಇದರಿಂದ ಇನ್ನೊಂದು ತೊಂದರೆ. ಬಾಕಿ ಪಟ್ಟಿ ಕೆಟ್ಟರೆ ಬ್ಲಾಕುಗಳು ಡಿಸ್ಕಿನಲ್ಲೇ ಇದ್ದಾಗ ರೀಇಂಡೆಕ್ಸ್-ಚೈನ್‌ಸ್ಟೇಟ್ ಅಂತ ಕೊಟ್ಟು, ಮತ್ತೆ ಡೌನ್‌ಲೋಡ್ ಮಾಡದೆ ಪಟ್ಟಿಯನ್ನಷ್ಟೇ ಹೊಸದಾಗಿ ಕಟ್ಟಬಹುದು. ಪ್ರೂನ್ ಮಾಡಿದ ನೋಡಿನಲ್ಲಿ ಪುಸ್ತಕವೇ ಇಲ್ಲ, ಎಲ್ಲ ಮತ್ತೆ ತರಬೇಕು. ಜಾಗ ಇದ್ದರೆ ಮೊದಲ ಸಿಂಕಿಗೆ ಪ್ರೂನ್ ಹಾಕಬೇಡಿ.

ಡಿಬಿಕ್ಯಾಶ್: ಮೇಜು ದೊಡ್ಡದು ಮಾಡೋದು

ಒಂದೇ ಸಾಲಿನಿಂದ ಜಾಸ್ತಿ ಲಾಭ ಸಿಗೋದು ಇಲ್ಲಿ. ಡಿಬಿಕ್ಯಾಶ್ ಅನ್ನೋ ಆಯ್ಕೆ, ಬಾಕಿ ಪಟ್ಟಿಯ ಎಷ್ಟು ಭಾಗ ರ‍್ಯಾಮಿನಲ್ಲಿ ಇರಬಹುದು ಅಂತ ಹೇಳುತ್ತೆ. ಬಹಳ ವರ್ಷ ಇದು ತಾನಾಗಿ 450 ಎಂಬಿ ಇತ್ತು. 8 ಜಿಬಿ ಯಂತ್ರಕ್ಕೆ ನಾನು 4000 ಹಾಕುತ್ತೇನೆ, 4 ಜಿಬಿಗೆ 1500. 2 ಜಿಬಿ ಯಂತ್ರವಾದರೆ ಮುಟ್ಟಬೇಡಿ, 450 ಸಾಕು.

ಅತಿಯಾಸೆ ಬೇಡ. ನಾನು ಮೊದಲ ಸಲ 4 ಜಿಬಿಯ ಪೈಗೆ 3500 ಹಾಕಿ ಬೀಗಿದ್ದೆ. ಸಿಸ್ಟಂಗೆ ಉಸಿರಾಡೋಕೂ ಜಾಗ ಇಲ್ಲದೆ ಸ್ವಾಪ್‌ಗೆ ಇಳಿಯಿತು. ಸ್ವಾಪ್ ಅಂದರೆ ರ‍್ಯಾಮ್ ಅಂತ ನಾಟಕ ಮಾಡುವ ಡಿಸ್ಕ್. ಅದೂ ಮೆಮೊರಿ ಕಾರ್ಡಿನ ಮೇಲೆ. ಮೇಜು ದೊಡ್ಡದು ಮಾಡೋಕೆ ಹೋಗಿ ಮೇಜನ್ನೇ ಗೋದಾಮಿನೊಳಗೆ ತಳ್ಳಿದ ಹಾಗಾಯಿತು.

ಕೆಲಸ ಆಗುತ್ತಿದೆಯಾ ಅಂತ ಲಾಗ್ ಫೈಲಿನಲ್ಲಿ ನೋಡಬಹುದು. ಪ್ರತಿ ಬ್ಲಾಕಿಗೂ ಅಪ್‌ಡೇಟ್‌ಟಿಪ್ ಅಂತ ಶುರುವಾಗುವ ಸಾಲು ಬರುತ್ತೆ. ಅದರಲ್ಲಿ ಬ್ಲಾಕಿನ ಎತ್ತರ, ತಾರೀಖು, ಪ್ರೋಗ್ರೆಸ್, ಕೊನೆಗೆ ಕ್ಯಾಶ್ ಎಷ್ಟು ತುಂಬಿದೆ ಅನ್ನೋದು. ನನ್ನದರಲ್ಲಿ ಕ್ಯಾಶ್ ನಿಧಾನಕ್ಕೆ ಏರುತ್ತಾ ನಾನು ಕೊಟ್ಟ ಮಿತಿಯ ಹತ್ತಿರ ಹೋಗುತ್ತಿತ್ತು. ಆಮೇಲೆ ಸಾಲುಗಳು ಪಟ್ಟನೆ ನಿಲ್ಲುತ್ತಿದ್ದವು. ಡಿಸ್ಕಿನ ದೀಪ ಬಿಡದೆ ಉರಿಯುತ್ತಿತ್ತು. ಕೆಲವು ನಿಮಿಷ ಹಾಗೇ. ಹೆದರಿ ಆಫ್ ಮಾಡಬೇಡಿ, ಅದು ಮೇಜಿನ ಮೇಲಿನದನ್ನು ಗೋದಾಮಿಗೆ ಬರೆದಿಡುತ್ತಿದೆ. ಡಿಬಿಕ್ಯಾಶ್ ಹೆಚ್ಚಿದಷ್ಟೂ ಇಂಥ ನಿಲುಗಡೆ ಕಮ್ಮಿ.

ಪ್ರೋಗ್ರೆಸ್ ನೋಡಿ ಮೋಸ ಹೋಗಬೇಡಿ. 2009ರಿಂದ 2012ರ ತನಕದ ಬ್ಲಾಕುಗಳು ಬಹುತೇಕ ಖಾಲಿ, ಸರಸರ ಓಡುತ್ತವೆ. ಎರಡು ಲಕ್ಷ ಬ್ಲಾಕ್ ಬೇಗ ಮುಗಿದುಬಿಟ್ಟಿತು ಅಂತ ಖುಷಿಪಡುವಷ್ಟರಲ್ಲಿ ದಪ್ಪ ಪುಸ್ತಕಗಳು ಶುರು. 2023ರಿಂದ ಈಚೆಗೆ ಬಾಕಿ ಪಟ್ಟಿ ಬಹಳ ಉಬ್ಬಿದೆ, ಅಲ್ಲಿ ಎಲ್ಲರ ಯಂತ್ರವೂ ಏದುಸಿರು ಬಿಡುತ್ತೆ.

ಸಿಂಕ್ ಮುಗಿಯುವ ತನಕ ಟಿಎಕ್ಸ್‌ಇಂಡೆಕ್ಸ್ (ಎಲ್ಲ ವ್ಯವಹಾರಗಳ ಸೂಚಿ ಕಟ್ಟುವ ಆಯ್ಕೆ) ಆನ್ ಮಾಡಬೇಡಿ. ಟಾರ್ (ನಮ್ಮ ಐಪಿ ಮರೆಮಾಡುವ ಜಾಲ) ಮೂಲಕ ಓಡಿಸುವ ಆಸೆ ಇದ್ದರೆ ಅದನ್ನೂ ಆಮೇಲೆ ಮಾಡಿ. ಬಿಟ್‌ಕಾಯಿನ್ ಕೋರ್ ಹೊಸ ಆವೃತ್ತಿಯನ್ನೇ ಹಾಕಿ. 2017ರ 0.14 ಆವೃತ್ತಿಯಿಂದ ಅಸ್ಯೂಮ್‌ವ್ಯಾಲಿಡ್ ಅನ್ನೋ ವ್ಯವಸ್ಥೆ ಇದೆ. ಆ ಆವೃತ್ತಿಯೊಳಗೆ ಗುರುತು ಹಾಕಿಟ್ಟ ಒಂದು ಬ್ಲಾಕಿನ ತನಕ ಸಹಿಗಳ ತಪಾಸಣೆಯನ್ನು ಬಿಟ್ಟು, ಉಳಿದ ಲೆಕ್ಕವನ್ನು ಪೂರ್ತಿ ಮಾಡುತ್ತೆ. ಆವೃತ್ತಿ ಹೊಸದಾದಷ್ಟೂ ಆ ಗುರುತು ಮುಂದಿರುತ್ತೆ, ಪ್ರೊಸೆಸರಿಗೆ ಕೆಲಸ ಕಮ್ಮಿ.

ಕರೆಂಟ್

ಇಲ್ಲೇ ನಾನು ಸೋತಿದ್ದು. ಡಿಬಿಕ್ಯಾಶ್ ದೊಡ್ಡದಾದರೆ ವೇಗ ಬರುತ್ತೆ ನಿಜ. ಆದರೆ ಮೇಜಿನ ಮೇಲೆ ಜಾಸ್ತಿ ಹೊತ್ತು ಉಳಿದ ಲೆಕ್ಕ, ಕರೆಂಟ್ ಹೋದರೆ ಹೋಯಿತು. ಕೊನೆಯ ಸಲ ಡಿಸ್ಕಿಗೆ ಬರೆದ ಜಾಗದಿಂದ ನೋಡ್ ಮತ್ತೆ ಓದಬೇಕು. ಬರೆಯುತ್ತಿರುವಾಗಲೇ ಹೋದರೆ, ಅದರಲ್ಲೂ ಅಗ್ಗದ ಯುಎಸ್‌ಬಿ ಕೇಬಲ್ಲಿನ ಆ ಕಡೆ ಡಿಸ್ಕ್ ಇದ್ದರೆ, ಡೇಟಾಬೇಸೇ ಕೆಡಬಹುದು. ಬೆಂಗಳೂರಿನಲ್ಲಿ ಕೂತು ಬರೆದ ಸಲಹೆಗಳು ಡಿಬಿಕ್ಯಾಶ್ ಏರಿಸಿ ಅಂತ ಹೇಳಿ ನಿಲ್ಲಿಸಿಬಿಡುತ್ತವೆ. ನಮ್ಮ ಕಡೆ ಮೊದಲು ಕರೆಂಟ್ ಭದ್ರ ಮಾಡಿಕೊಂಡು ಆಮೇಲೆ ಡಿಬಿಕ್ಯಾಶ್ ಏರಿಸಬೇಕು.

ಮನೆಯಲ್ಲಿ ಇನ್ವರ್ಟರ್ ಇದೆ, ಸಾಕಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಕರೆಂಟ್ ಹೋದಾಗ ಫ್ಯಾನ್ ತಿರುಗುತ್ತಲೇ ಇತ್ತು, ಪೈ ಮಾತ್ರ ರೀಸ್ಟಾರ್ಟ್ ಆಗುತ್ತಿತ್ತು. ಇನ್ವರ್ಟರ್ ಬ್ಯಾಟರಿಗೆ ಹೊರಳುವ ಆ ಕಣ್ಣು ಮಿಟುಕಿಸುವಷ್ಟು ಹೊತ್ತು ಫ್ಯಾನಿಗೆ ಗೊತ್ತಾಗಲ್ಲ, ಕಂಪ್ಯೂಟರಿಗೆ ಗೊತ್ತಾಗುತ್ತೆ. ಬಹಳಷ್ಟು ಇನ್ವರ್ಟರುಗಳ ಮೇಲೆ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತೆ, ಸಾಮಾನ್ಯವಾಗಿ ಹಿಂದುಗಡೆ. ನಮ್ಮದರ ಮೇಲೆ ಆರು ವರ್ಷದ ಧೂಳು ಕೂತಿತ್ತು. ಒರೆಸಿ, ಸ್ವಿಚ್ಚನ್ನು ಆ ಕಡೆ ತಳ್ಳಿದೆ, ರೀಸ್ಟಾರ್ಟ್ ನಿಂತಿತು. ರೂಟರಿಗೂ ಸಣ್ಣ 12 ವೋಲ್ಟ್ ಯುಪಿಎಸ್ ಸಿಗುತ್ತೆ, ಆದರೆ ನೆಟ್ ಹೋದರೆ ಕೆಡೋದು ಏನೂ ಇಲ್ಲ, ಸುಮ್ನೆ ನಿಂತು ಆಮೇಲೆ ಮುಂದುವರಿಯುತ್ತೆ.

ನೀವೇ ಆಫ್ ಮಾಡುವಾಗಲೂ ಗುಂಡಿ ಒತ್ತಬೇಡಿ. ಬಿಟ್‌ಕಾಯಿನ್-ಸಿಎಲ್‌ಐ ಸ್ಟಾಪ್ ಅಂತ ಕೊಟ್ಟು, ಲಾಗಿನಲ್ಲಿ ಶಟ್‌ಡೌನ್ ಡನ್ ಅಂತ ಬರೋ ತನಕ ಕಾಯಿರಿ. ಚಹಾ ಕುಡಿದು ಬರುವಷ್ಟು ಹೊತ್ತು ಹಿಡಿಯಬಹುದು. ಲಿನಕ್ಸಿನಲ್ಲಿ ಸಿಸ್ಟಂಡಿ (ಪ್ರೋಗ್ರಾಮುಗಳನ್ನು ತಾನೇ ಶುರು ಮಾಡಿ ನಿಲ್ಲಿಸುವ ವ್ಯವಸ್ಥೆ) ಸರ್ವಿಸ್ ಮಾಡಿ ಓಡಿಸುತ್ತಿದ್ದರೆ ಟೈಮ್‌ಔಟ್‌ಸ್ಟಾಪ್‌ಸೆಕ್ (TimeoutStopSec, ಇದನ್ನು ಮಾತ್ರ ಸರ್ವಿಸ್ ಫೈಲಿನಲ್ಲಿ ದೊಡ್ಡಕ್ಷರ ಸಮೇತ ಹೀಗೇ ಬರೆಯಬೇಕು) ಅನ್ನೋದನ್ನು 600 ಮಾಡಿ. ಏನೂ ಹೇಳದಿದ್ದರೆ ಸಿಸ್ಟಂಡಿ ಸಾಮಾನ್ಯವಾಗಿ 90 ಸೆಕೆಂಡ್ ಕಾಯ್ದು ಕುತ್ತಿಗೆ ಹಿಸುಕಿಬಿಡುತ್ತೆ. 4000ದ ಡಿಬಿಕ್ಯಾಶ್ ನಿಧಾನದ ಡಿಸ್ಕಿಗೆ ಇಳಿಯೋಕೆ 90 ಸೆಕೆಂಡ್ ಸಾಲದು.

ಬಿಸಿಲು

ಪೈ 80 ಡಿಗ್ರಿ ಮುಟ್ಟಿದರೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತೆ. ಹೊರಗೆ 43 ಇರುವಾಗ ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂರಿಸಿದರೆ ಮುಟ್ಟೇ ಮುಟ್ಟುತ್ತೆ. ಹೀಟ್‌ಸಿಂಕ್, ಸಣ್ಣ ಫ್ಯಾನ್ ಹಾಕಿ. ಲ್ಯಾಪ್‌ಟಾಪಾದರೆ ಹಿಂದಿನ ಮುಚ್ಚಳ ಬಿಚ್ಚಿ ಫ್ಯಾನಿನ ಧೂಳು ತೆಗೆಯಿರಿ, ಹಾಸಿಗೆ ಮೇಲೆ ಇಡಬೇಡಿ. ನಮ್ಮ ಮನೆಯಲ್ಲಿ ಶಹಾಬಾದ್ ಕಲ್ಲಿನ ನೆಲ, ಎರಡು ಮರದ ತುಂಡು ಇಟ್ಟು ಅದರ ಮೇಲೆ ಇಟ್ಟಿದ್ದೆ. ಏರ್‌ಕೂಲರಿನ ಎದುರು ಮಾತ್ರ ಬೇಡ. ತಣ್ಣಗಿರುತ್ತೆ ಅಂತ ಅನಿಸುತ್ತೆ, ಆದರೆ ಗಾಳಿಯ ಜೊತೆ ಉಪ್ಪುನೀರಿನ ತುಂತುರೂ ಬರುತ್ತೆ.

ಇನ್ನೂ ಬೇಗ ಬೇಕಾದರೆ

ಎರಡು ದಾರಿ ಇವೆ. ಮೊದಲನೆಯದು, ಗಟ್ಟಿ ಯಂತ್ರದಲ್ಲಿ ಓದಿಸಿ ಸಣ್ಣ ಯಂತ್ರಕ್ಕೆ ದಾಟಿಸೋದು. ಸಿಂಧನೂರಿನಲ್ಲಿ ನಮ್ಮ ಅಕ್ಕನ ಮಗ ಗೇಮ್ ಆಡೋಕೆ ಅಂತ 32 ಜಿಬಿ ರ‍್ಯಾಮಿನ ಕಂಪ್ಯೂಟರ್ ಕಟ್ಟಿಸಿದ್ದಾನೆ. "ಮಾಮಾ, ಪರೀಕ್ಷೆ ಮುಗಿಯೋ ತನಕ ಅವ್ವ ಹೆಂಗೂ ಆಡಾಕ ಬಿಡಲ್ಲ, ನೀನೇ ಇಟ್ಕೊ" ಅಂದ. ಎರಡನೇ ನೋಡಿಗೆ ಅದರಲ್ಲೇ ಸಿಂಕ್ ಮಾಡಿಸಿದೆ. ಅಲ್ಲಿ ನೋಡನ್ನು ಸರಿಯಾಗಿ ನಿಲ್ಲಿಸಿ, ಬ್ಲಾಕ್ಸ್ ಮತ್ತು ಚೈನ್‌ಸ್ಟೇಟ್ ಎರಡೂ ಫೋಲ್ಡರನ್ನು ಒಟ್ಟಿಗೆ ಕಾಪಿ ಮಾಡಬೇಕು. ಒಂದನ್ನೇ ತಂದರೆ ಆಗಲ್ಲ. ಓಡುತ್ತಿರುವಾಗ ಕಾಪಿ ಮಾಡಿದರೂ ಆಗಲ್ಲ. ಇಂಟೆಲ್ ಯಂತ್ರದ ಫೋಲ್ಡರ್ ಪೈಯಲ್ಲೂ ನಡೆಯುತ್ತೆ. ಯಾರೋ ಗೊತ್ತಿಲ್ಲದವರು ಕೊಟ್ಟ ಚೈನ್‌ಸ್ಟೇಟ್ ಮಾತ್ರ ಹಾಕಿಕೊಳ್ಳಬೇಡಿ. ಅವರ ಬಾಕಿ ಪಟ್ಟಿಯನ್ನು ಕಣ್ಣುಮುಚ್ಚಿ ನಂಬೋದಾದರೆ ನಮಗೆ ಸ್ವಂತ ನೋಡ್ ಯಾಕೆ?

ಎರಡನೆಯದು ಅಸ್ಯೂಮ್‌ಯುಟಿಎಕ್ಸ್‌ಒ. 2024ರ ಅಕ್ಟೋಬರಿನಲ್ಲಿ ಬಂದ 28.0 ಆವೃತ್ತಿಯಿಂದ ಇದು ಮುಖ್ಯ ನೆಟ್‌ವರ್ಕಿಗೆ ಸಿಕ್ಕಿತು. 8,40,000ನೇ ಬ್ಲಾಕಿನ ಹೊತ್ತಿಗೆ ಬಾಕಿ ಪಟ್ಟಿ ಹೇಗಿತ್ತು ಅನ್ನೋದರ ಗುರುತು ಪ್ರೋಗ್ರಾಮಿನೊಳಗೇ ಇದೆ. 2024ರ ಏಪ್ರಿಲ್ 20ರಂದು ಹಾಲ್ವಿಂಗ್ (ಮೈನಿಂಗ್ ಬಹುಮಾನ ಅರ್ಧಕ್ಕೆ ಇಳಿಯೋದು) ಆದ ಬ್ಲಾಕ್ ಅದು. ಆ ಪಟ್ಟಿಯ ಫೈಲನ್ನು ಎಲ್ಲಿಂದಲೇ ತಂದು ಲೋಡ್‌ಟಿಎಕ್ಸ್‌ಔಟ್‌ಸೆಟ್ ಅಂತ ಕೊಟ್ಟರೆ, ಗುರುತು ತಾಳೆಯಾದರೆ ಮಾತ್ರ ಒಪ್ಪುತ್ತೆ. ಯಾರಾದರೂ ಒಂದಕ್ಷರ ತಿದ್ದಿದ್ದರೂ ತಳ್ಳಿಹಾಕುತ್ತೆ. ಆಮೇಲೆ ಅಲ್ಲಿಂದ ಈಚಿನದನ್ನು ಮೊದಲು ಓದಿ ನೋಡ್ ಬಳಕೆಗೆ ಸಿದ್ಧ ಆಗುತ್ತೆ. 2009ರಿಂದ ಓದೋ ಕೆಲಸ ಹಿಂದೆ ಸದ್ದಿಲ್ಲದೆ ನಡೆಯುತ್ತಿರುತ್ತೆ. ಒಟ್ಟು ಕೆಲಸ ಕಮ್ಮಿ ಆಗಲ್ಲ, ಕಾಯೋದು ಕಮ್ಮಿ ಆಗುತ್ತೆ. ಎರಡು ಪಟ್ಟಿ ಒಟ್ಟಿಗೆ ಇರೋದರಿಂದ ಅಷ್ಟು ದಿನ ಡಿಸ್ಕ್ ಜಾಗ ಜಾಸ್ತಿ ಬೇಕು. 4 ಜಿಬಿ ಯಂತ್ರಕ್ಕೆ ನಾನು ಇದನ್ನು ಹೇಳಲ್ಲ.

ಮುಗಿದ ಮೇಲೆ

ಪ್ರೋಗ್ರೆಸ್ 1ಕ್ಕೆ ಬಂದ ಮೇಲೆ ಡಿಬಿಕ್ಯಾಶ್ ಸಾಲನ್ನು ಅಳಿಸಿ. ಇನ್ನು ಹತ್ತು ನಿಮಿಷಕ್ಕೊಂದು ಬ್ಲಾಕ್, ಅದಕ್ಕೆ ದೊಡ್ಡ ಮೇಜು ಬೇಡ. ಡೇಟಾ ಉಳಿಸಬೇಕು ಅಂದರೆ ಈಗ ಬ್ಲಾಕ್ಸ್‌ಓನ್ಲಿ=1 (ಇನ್ನೂ ಬ್ಲಾಕಿಗೆ ಸೇರದ ಬಿಡಿ ವ್ಯವಹಾರಗಳನ್ನು ತರಿಸದ ಆಯ್ಕೆ) ಹಾಕಿ. ಮೊದಲೇ ಹಾಕಿದರೂ ಸಿಂಕಿಗೇನೂ ದೊಡ್ಡ ಲಾಭ ಇಲ್ಲ.

ಮನೆಯಲ್ಲಿ ಈಗಾಗಲೇ ಒಂದು ಪೂರ್ತಿ ನೋಡ್ ಇದ್ದರೆ, ಹೊಸದಕ್ಕೆ ಕನೆಕ್ಟ್ ಅನ್ನೋ ಆಯ್ಕೆಯಲ್ಲಿ ಅದರ ಐಪಿ ಕೊಟ್ಟು, ಲ್ಯಾನ್ ಕೇಬಲ್ ಮೂಲಕವೇ ಬ್ಲಾಕುಗಳನ್ನು ಎಳೆಯಬಹುದು. ಹಳೆಯದರಲ್ಲಿ 8333 ಪೋರ್ಟ್ ತೆರೆದಿರಬೇಕು, ಪ್ರೂನ್ ಆಗಿರಬಾರದು. ತಿಂಗಳ ಡೇಟಾ ಮಿತಿ ಇರೋರಿಗೆ ಇದು ಒಳ್ಳೇದು. ಆದರೆ ಕನೆಕ್ಟ್ ಇದ್ದರೆ ನೋಡ್ ಬೇರೆ ಯಾರ ಜೊತೆಗೂ ಮಾತಾಡಲ್ಲ. ನಾನು ಆ ಸಾಲನ್ನು ತೆಗೆಯೋದು ಮರೆತು, ಹಳೇ ಲ್ಯಾಪ್‌ಟಾಪನ್ನು ಆಫ್ ಮಾಡಿ ಅಟ್ಟಕ್ಕೆ ಏರಿಸಿದೆ. ಹೊಸ ನೋಡ್ ಹನ್ನೊಂದು ದಿನ ಅದೇ ಬ್ಲಾಕಿನ ಮೇಲೆ, ಹಸಿರು ದೀಪ ಹಚ್ಚಿಕೊಂಡು, ಹಾಯಾಗಿ ಕೂತಿತ್ತು. ಆ ಸಾಲು ಅಳಿಸಿ, ನೋಡ್ ರೀಸ್ಟಾರ್ಟ್ ಮಾಡಿ, ಹತ್ತು ನಿಮಿಷ ಬಿಟ್ಟು ಗೆಟ್‌ಕನೆಕ್ಷನ್‌ಕೌಂಟ್ ಕೊಟ್ಟು ನೋಡಿ. ಎಷ್ಟು ನೋಡುಗಳ ಜೊತೆ ಸಂಪರ್ಕ ಇದೆ ಅಂತ ಅದು ಹೇಳುತ್ತೆ, 10ರ ಆಸುಪಾಸು ಬಂದರೆ ಆಯಿತು.